ಹಳೇ ಪಿಕ್ಚರ್ ಟ್ಯೂಬ್ ಟಿವಿಗೆ ಕಡಿಮೆ ಖರ್ಚಿನ ಬಾಕ್ಸ್ ಯಾವುದು? ತಿಂಗಳ ರೀಚಾರ್ಜ್ ಬೇಡ

ಮಲೆನಾಡ_ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಕೊಪ್ಪದ ಹತ್ತಿರ. ಊರಿನ ಮನೆಯಲ್ಲಿ 21 ಇಂಚಿನ ಹಳೇ ಓನಿಡಾ ಟಿವಿ ಇದೆ, ಪಿಕ್ಚರ್ ಟ್ಯೂಬಿನದು. ಇವತ್ತಿಗೂ ಗಟ್ಟಿಮುಟ್ಟಾಗಿದೆ. ಬಣ್ಣ, ದನಿ ಎರಡೂ ಚೆನ್ನಾಗಿವೆ. ಮೊದಲೆಲ್ಲ ಮಾಡಿನ ಮೇಲಿನ ಆಂಟೆನಾಗೆ ಚಂದನ ಸಿಗುತ್ತಿತ್ತು. ಈಗ ಬರೀ ಚುಕ್ಕಿ. ಅಪ್ಪಯ್ಯ ಡಿವಿಡಿ ಪ್ಲೇಯರಿನಲ್ಲಿ ಯಕ್ಷಗಾನ ಹಾಕಿಕೊಂಡು ನೋಡುತ್ತಾರೆ, ಅಷ್ಟೇ.

ಕೇಬಲ್ ನಮ್ಮ ಕಡೆ ಬಂದಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಪೂರಾ ತೋಟ, ಅಷ್ಟು ದೂರ ಯಾರೂ ವೈರ್ ಎಳೆಯುವುದಿಲ್ಲ. ಮೊಬೈಲ್ ನೆಟ್‌ವರ್ಕ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಹಿಂದೆ ಡಿಟಿಎಚ್ ಹಾಕಿಸಿದ್ದೆವು. ರೀಚಾರ್ಜ್ ನಾನೇ ಇಲ್ಲಿಂದ ಮಾಡುತ್ತಿದ್ದೆ. ಆದರೆ ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ, ದುಡ್ಡು ಸುಮ್ನೆ ಹೋಗುತ್ತಿತ್ತು. ಅದಕ್ಕೆ ನಿಲ್ಲಿಸಿದೆವು. ಆ ಡಿಶ್ ಇನ್ನೂ ಗೋಡೆಯಲ್ಲೇ ಇದೆ.

ಈ ಟಿವಿಗೇ ಹೊಂದುವ, ಒಂದು ಸಲ ದುಡ್ಡು ಕೊಟ್ಟರೆ ಮುಗಿಯುವ ಬಾಕ್ಸ್ ಬೇಕು. ಎರಡು ಸಾವಿರದ ಒಳಗೆ ಆದರೆ ಒಳ್ಳೆಯದು. ಆನ್‌ಲೈನಿನಲ್ಲಿ ಎಂಪೆಗ್-2, ಎಂಪೆಗ್-4, ಡಿವಿಬಿ-ಟಿ2, ಡಿವಿಬಿ-ಎಸ್2 ಅಂತ ಏನೇನೋ ಬರೆದಿದ್ದಾರೆ. ಇದರಲ್ಲಿ ನಮಗೆ ಯಾವುದು? ತಿಳಿದವರು ದಯವಿಟ್ಟು ಹೇಳಿ.

ತುಂಗಾತೀರ

ಡಿಡಿ ಫ್ರೀ ಡಿಶ್ ಹಾಕಿಸಿ ಮೇಡಂ. ಪ್ರಸಾರ ಭಾರತಿಯದು. ತಿಂಗಳ ಚಂದಾ ಇಲ್ಲ. ನಮ್ಮ ತೀರ್ಥಹಳ್ಳಿ ಕಡೆ ಸುಮಾರು ಮನೆಗಳಲ್ಲಿ ಇದೇ ಇರುವುದು. ಚಂದನ ಕ್ಲಿಯರ್ ಆಗಿ ಬರುತ್ತದೆ.

ಜಯನಗರ_4ನೇ_ಬ್ಲಾಕ್

ಇಷ್ಟೆಲ್ಲ ಯಾಕೆ? ಏಳೆಂಟು ಸಾವಿರಕ್ಕೆ ಒಂದು ಸಣ್ಣ ಎಲ್‌ಇಡಿ ಟಿವಿ ಬರುತ್ತದೆ. ಪಿಕ್ಚರ್ ಟ್ಯೂಬ್ ಟಿವಿ ಕರೆಂಟ್ ಜಾಸ್ತಿ ತಿನ್ನುತ್ತದೆ, ಜಾಗವೂ ಜಾಸ್ತಿ ಬೇಕು. ಹಳೆಯದನ್ನು ಗುಜರಿಗೆ ಕೊಟ್ಟು ಹೊಸದು ತಗೊಳ್ಳಿ.

ಟಿವಿ_ಮೆಕ್ಯಾನಿಕ್_ಹಾಸನ

ಜಯನಗರದ ಸರ್, ಕರೆಂಟಿನ ವಿಷಯ ನೀವು ಹೇಳಿದ್ದು ಸರಿ. ಆದರೆ ಎಲ್‌ಇಡಿ ತಂದ ಮಾತ್ರಕ್ಕೆ ಚಾನೆಲ್ ಬರುವುದಿಲ್ಲವಲ್ಲ. ಅವರ ಮನೆಯಲ್ಲಿ ಕೇಬಲ್ ಇಲ್ಲ, ಇಂಟರ್ನೆಟ್ ಇಲ್ಲ. ಹೊಸ ಟಿವಿಗೂ ಡಿಶ್ ಬೇಕು, ಬಾಕ್ಸ್ ಬೇಕು. ಒಳಗೇ ಸ್ಯಾಟಲೈಟ್ ಟ್ಯೂನರ್ ಇರುವ ಟಿವಿಗಳು ಇವೆ, ಆದರೆ ಎಲ್ಲದರಲ್ಲೂ ಇರುವುದಿಲ್ಲ. ಚೆನ್ನಾಗಿ ಓಡುತ್ತಿರುವ ಟಿವಿಯನ್ನು ಗುಜರಿಗೆ ಹಾಕಿ ಅಂತ ನಾನಂತೂ ಹೇಳುವುದಿಲ್ಲ. ಮೊದಲು ಬಾಕ್ಸ್ ತರಲಿ. ನಾಳೆ ಟಿವಿ ಕೆಟ್ಟರೆ ಅದೇ ಬಾಕ್ಸನ್ನು ಎಲ್‌ಇಡಿಗೆ ಹಾಕಿಕೊಳ್ಳಬಹುದು.

ಈಗ ಮೇಡಂ, ನಿಮ್ಮ ಪ್ರಶ್ನೆ. ಬಾಕ್ಸ್ ತಗೊಳ್ಳುವ ಮೊದಲು ಟಿವಿಯ ಹಿಂದೆ ನೋಡಬೇಕು. ಹಳದಿ, ಬಿಳಿ, ಕೆಂಪು ತೂತು ಇವೆಯಾ? ಕೆಲವು ಟಿವಿಯಲ್ಲಿ ಹಳದಿ, ಬಿಳಿ ಎರಡೇ ಇರುತ್ತವೆ, ಅದೂ ಆಗುತ್ತದೆ. ಕೆಲವಕ್ಕೆ ಮುಂದೆ, ಗುಂಡಿಗಳ ಪಕ್ಕ ಇರುತ್ತದೆ. ಡಿವಿಡಿ ಪ್ಲೇಯರ್ ಓಡುತ್ತಿದೆ ಅಂದಿರಲ್ಲ, ಹಾಗಿದ್ದರೆ ಎವಿ, ಅಂದರೆ ಚಿತ್ರ, ದನಿ ಒಳಗೆ ಹೋಗುವ ಈ ತೂತುಗಳು, ಇದ್ದೇ ಇವೆ. ನಿಮ್ಮ ಅರ್ಧ ಕೆಲಸ ಮುಗಿದಂತೆ.

ಬಾಕ್ಸಿನ ಮೇಲೆ ಡಿವಿಬಿ-ಎಸ್2 ಅಂತ ಇರಬೇಕು. ಎಸ್ ಅಂದರೆ ಉಪಗ್ರಹದಿಂದ ಬರುವುದು. ಟಿ2 ಅಂದರೆ ನೆಲದ ಮೇಲಿನ ಟವರಿನಿಂದ ಬರುವುದು, ಅದು ನಿಮ್ಮ ಊರಿಗಲ್ಲ. 2016ರಲ್ಲಿ ದೂರದರ್ಶನ ಬೆಂಗಳೂರೂ ಸೇರಿ 16 ನಗರಗಳಲ್ಲಿ ಟಿ2 ಶುರು ಮಾಡಿತ್ತು. ಘಟ್ಟದ ಹಳ್ಳಿಗೆ ಅದನ್ನು ನಂಬಿಕೊಂಡು ಬಾಕ್ಸ್ ತಂದರೆ ದುಡ್ಡು ದಂಡ.

ಎರಡನೆಯದು, ಎಂಪೆಗ್-4 ಇರುವುದನ್ನೇ ಕೇಳಿ. ಎಂಪೆಗ್ ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನ. ಫ್ರೀ ಡಿಶ್‌ನಲ್ಲಿ ಎಂಪೆಗ್-2 ಚಾನೆಲ್‌ಗಳೂ ಇವೆ, ಎಂಪೆಗ್-4 ಚಾನೆಲ್‌ಗಳೂ ಇವೆ. ಹಳೇ ಎಂಪೆಗ್-2 ಬಾಕ್ಸ್ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಎಂಪೆಗ್-4 ಬಾಕ್ಸ್ ಎರಡನ್ನೂ ತೋರಿಸುತ್ತದೆ. ಬೆಲೆಯಲ್ಲಿ ವ್ಯತ್ಯಾಸ ಕೆಲವು ನೂರು ರೂಪಾಯಿ. ಅಂಗಡಿಯವರು ಹಳೇ ಸ್ಟಾಕ್ ದಾಟಿಸಲು ನೋಡುತ್ತಾರೆ, ಬಿಡಬೇಡಿ.

ಮೂರನೆಯದು, ಬಾಕ್ಸಿನ ಹಿಂದೆ ಹೊಸ ಟಿವಿಗೆ ಹಾಕುವ ಎಚ್‌ಡಿಎಂಐ ತೂತಿನ ಜೊತೆಗೆ ಎವಿ ಔಟ್ ಇರಲೇಬೇಕು. ಈಗಿನ ಸಣ್ಣ ಬಾಕ್ಸ್‌ಗಳಲ್ಲಿ ಮೂರು ತೂತಿನ ಬದಲು ಇಯರ್‌ಫೋನ್ ಥರದ ಒಂದೇ ತೂತು ಇರುತ್ತದೆ. ಒಂದು ಕಡೆ ಆ ಪಿನ್, ಇನ್ನೊಂದು ಕಡೆ ಮೂರು ಬಣ್ಣದ ಪಿನ್ ಇರುವ ವೈರ್ ಬಾಕ್ಸಿನ ಜೊತೆಗೇ ಬರುತ್ತದೆ. ಅದನ್ನು ಕಳೆದುಕೊಳ್ಳಬೇಡಿ. ಹೊರಗೆ ತಂದ ವೈರಿನಲ್ಲಿ ಒಳಗಿನ ಜೋಡಣೆ ಬೇರೆ ಇರಬಹುದು. ಚಿತ್ರ ಬರದೆ ಬರೀ ಗುಯ್ ಅಂದರೆ ಹಳದಿ ಪಿನ್ ತೆಗೆದು ಆ ಜಾಗಕ್ಕೆ ಕೆಂಪನ್ನು ಹಾಕಿ ನೋಡಿ. ಸುಮಾರು ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಮಲೆನಾಡ_ಮಗಳು

ತುಂಬಾ ಥ್ಯಾಂಕ್ಸ್ ಅಣ್ಣ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಗೋಡೆಯಲ್ಲಿರುವ ಡಿಶ್ ಉಪಯೋಗಕ್ಕೆ ಬರುತ್ತದಾ? ಮತ್ತೆ ಆಂಟೆನಾ ಯಾಕೆ ನಿಂತಿತು? ಅಪ್ಪಯ್ಯ ಇನ್ನೂ ಅದನ್ನು ತಿರುಗಿಸಿ ನೋಡುತ್ತಿರುತ್ತಾರೆ.

ನಿವೃತ್ತ_ಮೇಷ್ಟ್ರು

ಆಂಟೆನಾ ತಿರುಗಿಸಿ ಪ್ರಯೋಜನವಿಲ್ಲ ಅಂತ ಅವರಿಗೆ ಹೇಳಿಬಿಡಿ ತಾಯಿ, ವಯಸ್ಸಾದವರು ಮಾಡು ಹತ್ತುವುದು ಬೇಡ. ಗಡಿ ಭಾಗದಂಥ ಕೆಲವು ಜಾಗ ಬಿಟ್ಟು ಉಳಿದೆಲ್ಲ ಕಡೆ ದೂರದರ್ಶನ ಹಳೇ ಆಂಟೆನಾಗೆ ಸಿಗ್ನಲ್ ಕೊಡುತ್ತಿದ್ದ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸಿತು. ಕೇಬಲ್ ಅದಕ್ಕೂ ಮೊದಲೇ ಡಿಜಿಟಲ್‌ಗೆ ಬದಲಾಗಿತ್ತು. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ಬಂದು ಹಂತ ಹಂತವಾಗಿ ಡಿಜಿಟಲ್ ಕಡ್ಡಾಯವಾಯಿತು. ಬೆಂಗಳೂರು, ಮೈಸೂರು ಎರಡನೇ ಹಂತದಲ್ಲಿದ್ದವು, 2013ರ ಮಾರ್ಚ್ 31ರ ಗಡುವು. ಹಳ್ಳಿಗಳ ಹಂತಕ್ಕೆ ಕೊನೆಗೆ 2017ರ ಮಾರ್ಚ್ 31 ಅಂತ ಆಯಿತು. ಆಗ ಕೇಬಲ್ ಇರುವ ಮನೆಗೆಲ್ಲ ಬಾಕ್ಸ್ ಬಂತು. ಆಂಟೆನಾ ನಂಬಿಕೊಂಡಿದ್ದ ಮನೆಗಳಿಗೆ ಬಂದು ಹೀಗೆ ಆಗುತ್ತದೆ ಅಂತ ಹೇಳಿದವರು ಕಡಿಮೆ. ಟಿವಿ ಕೆಟ್ಟಿದೆ ಅಂದುಕೊಂಡು ಮೂಲೆಗಿಟ್ಟವರು ನಮ್ಮ ಊರಿನಲ್ಲೇ ಎಷ್ಟೋ ಜನ. ಇದು ನನಗೆ ಬಹಳ ಬೇಸರದ ವಿಷಯ.

ಫ್ರೀ ಡಿಶ್ ಶುರುವಾದದ್ದು 2004ರ ಡಿಸೆಂಬರಿನಲ್ಲಿ. ಆಗ ಅದರ ಹೆಸರು ಡಿಡಿ ಡೈರೆಕ್ಟ್ ಪ್ಲಸ್. ಟವರ್ ಮುಟ್ಟದ ಜಾಗಕ್ಕೂ ದೂರದರ್ಶನ ತಲುಪಲಿ ಅಂತಲೇ ಮಾಡಿದ್ದು. ನಿಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿದೆ.

ಟಿವಿ_ಮೆಕ್ಯಾನಿಕ್_ಹಾಸನ

ಡಿಶ್ ಉಪಯೋಗಕ್ಕೆ ಬರುತ್ತದೆ. ಬಗ್ಗಿರಬಾರದು, ತುಕ್ಕು ಹಿಡಿದು ತೂತಾಗಿರಬಾರದು. 60 ಸೆಂಟಿಮೀಟರಿನದು ಸಾಕು. ಮುಂದೆ ಕೂತಿರುವ, ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಒಳಗೆ ನೀರು ಹೋಗಿದ್ದರೆ ಅದನ್ನು ಮಾತ್ರ ಬದಲಿಸಿ, ಜಾಸ್ತಿ ಬೆಲೆಯ ವಸ್ತುವಲ್ಲ. ಕೇಬಲ್ಲಿನ ತುದಿ ಹಸಿರು ಕಟ್ಟಿದ್ದರೆ ಅಷ್ಟು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ.

ಆದರೆ ದಿಕ್ಕು ಬದಲಿಸಬೇಕು. ಒಂದೊಂದು ಕಂಪನಿಯ ಉಪಗ್ರಹ ಒಂದೊಂದು ಜಾಗದಲ್ಲಿದೆ. ಟಾಟಾ ಪ್ಲೇ 83 ಡಿಗ್ರಿ ಪೂರ್ವ, ಏರ್‌ಟೆಲ್ 108. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, ಅದು 93.5 ಡಿಗ್ರಿ ಪೂರ್ವದಲ್ಲಿದೆ. 2015ರಲ್ಲಿ ಹಾರಿಸಿದ್ದು. ಅದನ್ನು ಕಕ್ಷೆಯಲ್ಲಿ ನೋಡಿಕೊಳ್ಳುವುದು ನಮ್ಮ ಹಾಸನದ ಇಸ್ರೋ ಕೇಂದ್ರವೇ. ಹೇಳಿಕೊಳ್ಳಲು ನನಗೆ ಹೆಮ್ಮೆ.

ಕೊಪ್ಪದಿಂದ ನೋಡಿದರೆ ಜಿಸ್ಯಾಟ್-15 ಆಗ್ನೇಯಕ್ಕೆ ಬರುತ್ತದೆ. ಫೋನಿನ ದಿಕ್ಸೂಚಿಯಲ್ಲಿ ಸುಮಾರು 125 ಡಿಗ್ರಿ. ಬೆಂಗಳೂರಿನಲ್ಲಾದರೆ 128ರ ಆಸುಪಾಸು. ಕೊಪ್ಪದಲ್ಲಿ ದಿಗಂತದಿಂದ ಎತ್ತರ 63, 64 ಡಿಗ್ರಿ. ಅಂದರೆ ಬಹಳ ಮೇಲೆಯೇ ಇದೆ. ಮಲೆನಾಡಿನವರಿಗೆ ಇದು ಅನುಕೂಲ. ಟವರಿನ ಸಿಗ್ನಲ್‌ಗೆ ಎದುರಿನ ಗುಡ್ಡ ಅಡ್ಡ ಬರುತ್ತಿತ್ತು, ಇದಕ್ಕೆ ಬರುವುದಿಲ್ಲ. ಅಡ್ಡ ಬಂದರೆ ಹತ್ತಿರದ ಮರ ಮಾತ್ರ. ಮನೆಗೆ ಒತ್ತಿಕೊಂಡೇ ಅಡಿಕೆ ಮರ, ಹಲಸಿನ ಮರ ಇದ್ದರೆ ಡಿಶ್ಶನ್ನು ಅಂಗಳದ ಬಯಲಿಗೆ ತನ್ನಿ. ನೆಲದ ಮೇಲೆ ಕಂಬ ನೆಟ್ಟರೂ ಆಗುತ್ತದೆ, ಮಾಡಿನ ಮೇಲೇ ಇರಬೇಕು ಅಂತಿಲ್ಲ.

ಡಿಶ್ ತಟ್ಟೆ ನೋಡಲು ಅಷ್ಟು ಮೇಲೆ ತಿರುಗಿದ ಹಾಗೆ ಕಾಣುವುದಿಲ್ಲ. ಇವು ಆಫ್‌ಸೆಟ್ ಡಿಶ್‌ಗಳು, ಎಲ್‌ಎನ್‌ಬಿ ನಡುವಿಗೆ ಬರದೆ ಕೆಳಗೆ ಕೂತಿರುತ್ತದೆ. ತಟ್ಟೆಯ ಮುಖ ನೋಡಿ ಅಂದಾಜು ಮಾಡಬೇಡಿ. ಹಿಂಬದಿಯ ಕ್ಲ್ಯಾಂಪಿನಲ್ಲಿ ಡಿಗ್ರಿ ಗುರುತು ಇರುತ್ತದೆ, ಅದನ್ನು ಹಿಡಿಯಿರಿ. ಕಂಬ ಮಾತ್ರ ನೆಟ್ಟಗಿರಬೇಕು, ಇಲ್ಲದಿದ್ದರೆ ಆ ಗುರುತಿಗೆ ಅರ್ಥವಿಲ್ಲ.

ಇನ್ನೊಂದು, ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ದಕ್ಷಿಣದಲ್ಲಿ ಎಲ್‌ಎನ್‌ಬಿಯನ್ನು ಅದರ ಜಾಗದಲ್ಲೇ ಚೆನ್ನಾಗಿ ತಿರುಚಬೇಕು. ದೆಹಲಿ ಕಡೆಯವರ ವಿಡಿಯೋ ನೋಡಿ ಸ್ವಲ್ಪವೇ ತಿರುಚಿದರೆ ಇಲ್ಲಿ ಸಾಲುವುದಿಲ್ಲ. ನಮ್ಮ ಕಡೆ 50 ಡಿಗ್ರಿಯಷ್ಟು ಬೇಕಾಗುತ್ತದೆ. ಒಬ್ಬರು ಒಳಗೆ ಬಾಕ್ಸಿನ ಸಿಗ್ನಲ್ ಪುಟ ತೆರೆದು ಕೂರಲಿ, ಇನ್ನೊಬ್ಬರು ಹೊರಗೆ ನಿಧಾನವಾಗಿ ತಿರುಗಿಸಲಿ. ಸ್ಟ್ರೆಂತ್ ಅಂತ ಒಂದು ಪಟ್ಟಿ, ಕ್ವಾಲಿಟಿ ಅಂತ ಒಂದು ಪಟ್ಟಿ ಇರುತ್ತದೆ. ಸ್ಟ್ರೆಂತ್ 90 ಇದ್ದು ಕ್ವಾಲಿಟಿ ಸೊನ್ನೆ ಇದ್ದರೆ ವೈರ್ ಸರಿ ಇದೆ, ದಿಕ್ಕು ತಪ್ಪಿದೆ ಅಂತ ಲೆಕ್ಕ. ಕ್ವಾಲಿಟಿ ಏರುವ ತನಕ ಬಿಡಬೇಡಿ. ಬಿಸಿಲಿರುವಾಗ ಸುಮಾರಾಗಿ ಸಿಕ್ಕರೆ ಸಾಕು ಅಂತ ಬಿಟ್ಟರೆ ಆಗುಂಬೆ ಮಳೆ ಶುರುವಾದ ಕೂಡಲೇ ಹೋಗುತ್ತದೆ.

ಡಲ್ಲಾಸ್_ಕನ್ನಡಿಗ

ನಮ್ಮ ಮನೆಯ ಗ್ಯಾರೇಜಿನಲ್ಲಿ ಡಿಜಿಟಲ್ ಕನ್ವರ್ಟರ್ ಬಾಕ್ಸ್ ಒಂದಿದೆ. ಅಮೆರಿಕದಲ್ಲಿ 2009ರ ಜೂನ್ 12ಕ್ಕೆ ಅನಲಾಗ್ ನಿಂತಾಗ ಸರ್ಕಾರ ಮನೆಗೆ 40 ಡಾಲರಿನ ಎರಡು ಕೂಪನ್ ಕೊಡುತ್ತಿತ್ತು. ಆಗ ತಗೊಂಡದ್ದು. ಹಾಗೇ ಬಿದ್ದಿದೆ. ಊರಿಗೆ ಬರುವಾಗ ತಂದುಕೊಡಲಾ? ಹಳೇ ಟಿವಿಯ ಆಂಟೆನಾ ತೂತಿಗೇ ಹಾಕಬಹುದು.

ಟಿವಿ_ಮೆಕ್ಯಾನಿಕ್_ಹಾಸನ

ಒಳ್ಳೆಯ ಮನಸ್ಸಿನಿಂದ ಕೇಳಿದ್ದೀರಿ ಸರ್, ಆದರೆ ಇಲ್ಲಿ ನಡೆಯುವುದಿಲ್ಲ. ಅಲ್ಲಿಯದು ಎಟಿಎಸ್‌ಸಿ ಪದ್ಧತಿ, ಇಲ್ಲಿ ಡಿವಿಬಿ. ಅದು ಹಿಡಿಯುವಂಥ ಸಿಗ್ನಲ್ಲೇ ನಮ್ಮಲ್ಲಿ ಇಲ್ಲ. ಜೊತೆಗೆ ಅದರ ಚಿತ್ರ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯದು, ನಮ್ಮ ಹಳೇ ಟಿವಿಗಳು ಪಾಲ್ ಪದ್ಧತಿಯವು. 120 ವೋಲ್ಟಿನ ಬಾಕ್ಸನ್ನು ಇಲ್ಲಿ ಸಾಕೆಟ್ಟಿಗೆ ಹಾಕಿದರೆ ಸುಟ್ಟೇ ಹೋಗಬಹುದು. ತರಬೇಡಿ.

ಕಡಲ_ಕರೆ

ನನ್ನದು ಇನ್ನೂ ಕಷ್ಟದ ಕೇಸು. ಕುಂದಾಪುರದಲ್ಲಿ ಅಜ್ಜಿಯ ಮನೆಯಲ್ಲಿ 14 ಇಂಚಿನ ಕಪ್ಪು ಬಿಳುಪು ಟಿವಿ ಇದೆ. ಹಿಂದೆ ಆಂಟೆನಾ ತೂತು ಒಂದೇ, ಬೇರೆ ಏನೂ ಇಲ್ಲ. ಒಬ್ಬರು ಟಿವಿ ಬಿಚ್ಚಿ ಎವಿ ತೂತು ಕೂರಿಸಿಕೊಡುತ್ತೇನೆ ಅಂದಿದ್ದಾರೆ. ಮಾಡಿಸಬಹುದಾ?

ಟಿವಿ_ಮೆಕ್ಯಾನಿಕ್_ಹಾಸನ

ದಯವಿಟ್ಟು ಬೇಡ. ಇದನ್ನು ಎಲ್ಲರೂ ಓದಬೇಕು, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಆ ಕಾಲದ ಸಾಕಷ್ಟು ಸೆಟ್‌ಗಳಲ್ಲಿ ಒಳಗಿನ ಚಾಸಿಗೇ, ಅಂದರೆ ಲೋಹದ ಚೌಕಟ್ಟಿಗೇ, ಕರೆಂಟಿನ ಸಂಪರ್ಕ ಇರುತ್ತದೆ. ಅಂಥ ಟಿವಿಗೆ ನೇರವಾಗಿ ಎವಿ ತೂತು ಬೆಸುಗೆ ಹಾಕಿದರೆ ಹೊರಗಿನ ಪಿನ್, ವೈರ್, ಬಾಕ್ಸ್ ಎಲ್ಲದಕ್ಕೂ ಕರೆಂಟ್ ಬರುತ್ತದೆ. ಅಜ್ಜಿ ಬಾಕ್ಸ್ ಮುಟ್ಟಿದರೂ ಶಾಕ್. ಜೀವ ಹೋಗುವ ವಿಷಯ. ಸ್ವಿಚ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ನಿಂತಿರುತ್ತದೆ. ಮನೆಯಲ್ಲಿ ಯಾರೂ ಹಿಂದಿನ ಮುಚ್ಚಳ ಬಿಚ್ಚಬಾರದು.

ಇದಕ್ಕೆ ಆರ್‌ಎಫ್ ಮಾಡ್ಯುಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ. ಬಾಕ್ಸಿನ ಎವಿ ವೈರನ್ನು ಅದಕ್ಕೆ ಕೊಡಿ. ಅದು ಹಳೇ ಟಿವಿ ಸ್ಟೇಷನ್ ಥರ ಸಿಗ್ನಲ್ ಮಾಡಿ ಆಂಟೆನಾ ತೂತಿಗೆ ಕೊಡುತ್ತದೆ. ಟಿವಿಯಲ್ಲಿ ಆ ಚಾನೆಲ್ ಟ್ಯೂನ್ ಮಾಡಿಕೊಂಡರೆ ಆಯಿತು. ಕೊಳ್ಳುವಾಗ ಪಾಲ್ ಬಿಜಿ ಅಂತ ಕೇಳಿ. ಅಮೆರಿಕದ ಪದ್ಧತಿಯದು ತಂದರೆ ಚಿತ್ರ ಬಂದರೂ ದನಿ ಸರಿಯಾಗಿ ಬರುವುದಿಲ್ಲ. ಕಪ್ಪು ಬಿಳುಪು ಟಿವಿಯ ಆಂಟೆನಾ ತೂತು ಎರಡು ಸ್ಕ್ರೂ ಥರ ಇದ್ದರೆ ಬಾಲನ್ ಅಂತ ಒಂದು ಚಿಕ್ಕ ತುಂಡು ನಡುವೆ ಹಾಕಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಎರಡೂ ಸಿಗುತ್ತವೆ.

ಜಯನಗರ_4ನೇ_ಬ್ಲಾಕ್

ಬಾಕ್ಸಿನಲ್ಲಿ ಬರೀ ಎಚ್‌ಡಿಎಂಐ ಇದ್ದರೆ? ನಮ್ಮ ಮನೆಯಲ್ಲಿ ಅಂಥದ್ದೊಂದು ಹೆಚ್ಚಿಗೆ ಇದೆ. ಬೇಕಾದರೆ ಮೇಡಂಗೆ ಕೊಡುತ್ತೇನೆ.

ಟಿವಿ_ಮೆಕ್ಯಾನಿಕ್_ಹಾಸನ

ಎಚ್‌ಡಿಎಂಐನಿಂದ ಎವಿಗೆ ಬದಲಿಸುವ ಅಡಾಪ್ಟರ್ ಬರುತ್ತದೆ ಸರ್. ಅದಕ್ಕೆ 5 ವೋಲ್ಟಿನ ಚಾರ್ಜರ್ ಬೇರೆ ಬೇಕು. ಎರಡು ಥರ ಇವೆ, ನೋಡಲು ಒಂದೇ ಥರ. ಒಂದು ಎಚ್‌ಡಿಎಂಐನಿಂದ ಎವಿಗೆ, ಇನ್ನೊಂದು ಎವಿಯಿಂದ ಎಚ್‌ಡಿಎಂಐಗೆ. ಇಲ್ಲಿ ಬೇಕಾದದ್ದು ಮೊದಲನೆಯದು. ಅದರ ಮೇಲಿನ ಸಣ್ಣ ಸ್ವಿಚ್ಚನ್ನು ಪಾಲ್‌ಗೆ ಇಡಿ. ಆದರೆ ನಿಮ್ಮ ಬಾಕ್ಸ್ ಯಾವುದಾದರೂ ಡಿಟಿಎಚ್ ಕಂಪನಿಯದಾಗಿದ್ದರೆ ಅದನ್ನು ಫ್ರೀ ಡಿಶ್‌ಗೆ ನೆಚ್ಚಿಕೊಳ್ಳಬೇಡಿ.

ರಾಯಚೂರು_ಟೀಚರ್

ಚಾನೆಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಫ್ರೀ ಡಿಶ್‌ನಲ್ಲಿ ದುಡ್ಡು ಕೊಟ್ಟು ನೋಡುವ ಚಾನೆಲ್ ಇರುವುದಿಲ್ಲ. ನಿಮ್ಮ ಅಮ್ಮ ದೊಡ್ಡ ಖಾಸಗಿ ಚಾನೆಲ್ಲಿನ ಧಾರಾವಾಹಿ ನೋಡುವವರಾದರೆ ಮೊದಲೇ ಹೇಳಿಬಿಡಿ, ಆಮೇಲೆ ಬೇಜಾರಾಗಬಾರದು. ಹಿಂದಿ ಜಾಸ್ತಿ, ಕನ್ನಡ ಕಡಿಮೆ. ಖಾಸಗಿಯವರು ಹರಾಜಿನಲ್ಲಿ ಜಾಗ ಪಡೆದು ಬರುತ್ತಾರೆ, ಆದ್ದರಿಂದ ಪಟ್ಟಿ ಬದಲಾಗುತ್ತಿರುತ್ತದೆ. ಹೊಸದಾಗಿ ಏನಾದರೂ ಬಂದಿದೆಯಾ ನೋಡಲು ಆಗಾಗ ಸ್ಕ್ಯಾನ್ ಮಾಡಬೇಕು. ಕನ್ನಡ ಚಾನೆಲ್‌ಗಳಿಗೆ ಇಲ್ಲಿ ಇನ್ನೂ ಜಾಗ ಸಿಗಬೇಕು ಅಂತ ನನ್ನ ಆಸೆ. ಹಳ್ಳಿಯಲ್ಲಿ ನೋಡುವವರು ಇದ್ದಾರೆ.

ಚಂದನ ಇದೆ, ಆಕಾಶವಾಣಿಯ ಕನ್ನಡವೂ ಟಿವಿಯಲ್ಲೇ ಕೇಳಿಸುತ್ತದೆ. ಪಿಎಂ ಇ-ವಿದ್ಯಾ, ಸ್ವಯಂ ಪ್ರಭಾ ಪಾಠದ ಚಾನೆಲ್‌ಗಳೂ ಬರುತ್ತವೆ. ಕೊರೊನಾ ಸಮಯದಲ್ಲಿ ಫೋನ್ ಇಲ್ಲದ ಮಕ್ಕಳ ಮನೆಗೆ ಹೋಗಿ ಚಂದನದಲ್ಲಿ ಪಾಠ ಬರುವ ಹೊತ್ತು ಹೇಳಿ ಬರುತ್ತಿದ್ದೆವು. ಹಳೇ ಟಿವಿಯಲ್ಲಿ ನೋಡಿ ಬರೆದುಕೊಂಡು ಬಂದ ಮಕ್ಕಳು ಇದ್ದಾರೆ. ಹಳೇ ಟಿವಿ ಅಂತ ಯಾರೂ ಕಡೆಗಣಿಸಬೇಡಿ.

ನಿವೃತ್ತ_ಮೇಷ್ಟ್ರು

ಟೀಚರ್ ಹೇಳಿದ್ದು ನಿಜ. ಕೇಬಲ್ ಸಿಗುವ ಊರಿನವರು, ಖಾಸಗಿ ಕನ್ನಡ ಚಾನೆಲ್ ಬೇಕೇ ಬೇಕು ಅನ್ನುವವರು ಕೇಬಲ್ ಬಾಕ್ಸೇ ತಗೊಳ್ಳಲಿ, ಅದರಲ್ಲೂ ಎವಿ ಇರುತ್ತದೆ. 2019ರಲ್ಲಿ ಟಿವಿ, ಫೋನ್ ದರಗಳ ನಿಯಂತ್ರಕ ಸಂಸ್ಥೆ ಟ್ರಾಯ್ ಹೊಸ ದರ ತಂದಾಗ ಮೊದಲ 100 ಚಾನೆಲ್ಲಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಇತ್ತು. ಆಮೇಲೆ ನಿಯಮ ಬದಲಾಗಿದೆ. ಆ ಹಳೇ ಲೆಕ್ಕದಲ್ಲೇ ನೋಡಿದರೂ ಒಂದು ವರ್ಷದ ಕೇಬಲ್ ದುಡ್ಡಿನಲ್ಲಿ ಫ್ರೀ ಡಿಶ್ ಪೂರ್ತಿ ಬಂದುಬಿಡುತ್ತದೆ ಅಲ್ವಾ?

ಮಲೆನಾಡ_ಮಗಳು

ಎಲ್ಲರಿಗೂ ಒಳ್ಳೆ ಸುದ್ದಿ. ಕೊಪ್ಪ ಪೇಟೆಯಲ್ಲೇ ಎಂಪೆಗ್-4 ಬಾಕ್ಸ್ ಸಿಕ್ಕಿತು. ಹಳೇ ಡಿಶ್ಶೇ ಆಯಿತು, ಎಲ್‌ಎನ್‌ಬಿ ಮಾತ್ರ ಹೊಸದು. ಫಿಟ್ಟಿಂಗ್ ಹುಡುಗನಿಗೆ ಕೊಟ್ಟದ್ದೂ ಸೇರಿ 1,500ರ ಒಳಗೆ ಮುಗಿಯಿತು. ಎಲ್‌ಎನ್‌ಬಿ ತಿರುಚುವ ವಿಷಯ ನಾನೇ ಅವನಿಗೆ ಹೇಳಿದೆ. ತಿರುಚಿದ ಹಾಗೆ ಕ್ವಾಲಿಟಿ ಏರುತ್ತಾ ಹೋಯಿತು. ಚಂದನದಲ್ಲಿ ವಾರ್ತೆ ಬರುತ್ತಿದೆ.

ಒಂದೇ ತೊಂದರೆ. ಕೆಳಗೆ ಓಡುವ ಅಕ್ಷರ ಎರಡೂ ಕಡೆ ಕತ್ತರಿಸಿ ಹೋಗುತ್ತದೆ. ಮತ್ತೆ ಎರಡು ರಿಮೋಟ್ ಅಮ್ಮನಿಗೆ ಗೊಂದಲ ಆಗಿದೆ.

ತುಂಗಾತೀರ

ಬಾಕ್ಸಿನ ಸೆಟ್ಟಿಂಗಿನಲ್ಲಿ ಟಿವಿ ಅಳತೆ ಬಹುಶಃ 4:3 ಪ್ಯಾನ್ ಸ್ಕ್ಯಾನ್ ಅಂತ ಇದೆ, ಅದು ಎರಡೂ ಬದಿ ಕತ್ತರಿಸುತ್ತದೆ. ಅದನ್ನು 4:3 ಲೆಟರ್‌ಬಾಕ್ಸ್ ಮಾಡಿ. ಮೇಲೆ ಕೆಳಗೆ ಸ್ವಲ್ಪ ಕಪ್ಪು ಪಟ್ಟಿ ಬರುತ್ತದೆ, ಅಕ್ಷರ ಪೂರ್ತಿ ಕಾಣುತ್ತದೆ. ಚಿತ್ರ ಉರುಳಿದರೆ ಅಥವಾ ಬಣ್ಣ ಹೋಗಿ ಕಪ್ಪು ಬಿಳುಪಾದರೆ ಅಲ್ಲೇ ಎನ್‌ಟಿಎಸ್‌ಸಿ ತೆಗೆದು ಪಾಲ್ ಮಾಡಿ.

ರಿಮೋಟಿಗೆ ನಾವು ಮಾಡಿದ್ದು ಹೇಳುತ್ತೇನೆ. ಟಿವಿ ರಿಮೋಟಿನಲ್ಲಿ ಆನ್ ಮತ್ತು ಎವಿ, ಈ ಎರಡು ಗುಂಡಿಗೆ ಕೆಂಪು ಟೇಪು ಹಚ್ಚಿ. ಉಳಿದದ್ದೆಲ್ಲ ಬಾಕ್ಸಿನ ರಿಮೋಟಿನಲ್ಲೇ. ಚಂದನವನ್ನು ಫೇವರಿಟ್‌ಗೆ ಹಾಕಿಟ್ಟರೆ ನಂಬರ್ ಹುಡುಕುವ ಕೆಲಸ ಇಲ್ಲ.

ಗುಡುಗು ಶುರುವಾದರೆ ಪ್ಲಗ್ ತೆಗೆದರೆ ಸಾಲದು, ಬಾಕ್ಸಿನ ಹಿಂದಿನ ಡಿಶ್ ವೈರನ್ನೂ ಬಿಚ್ಚಿಡಲು ಹೇಳಿ. ನಮ್ಮ ಕಡೆ ಬಾಕ್ಸ್ ಸುಡುವುದು ಹೆಚ್ಚಾಗಿ ಆ ವೈರಿನಿಂದ.

ಮಲೆನಾಡ_ಮಗಳು

ಲೆಟರ್‌ಬಾಕ್ಸ್ ಮಾಡಿದೆವು, ಸರಿಯಾಯಿತು. ಟೇಪೂ ಹಚ್ಚಿಸಿದ್ದೇನೆ. ಪಕ್ಕದ ಮನೆ ದೊಡ್ಡಮ್ಮ ಈಗ ತಮಗೂ ಬೇಕು ಅನ್ನುತ್ತಿದ್ದಾರೆ. ನಮ್ಮ ಡಿಶ್ಶಿನಿಂದಲೇ ಅವರಿಗೂ ಕೊಡಬಹುದಾ?

ಟಿವಿ_ಮೆಕ್ಯಾನಿಕ್_ಹಾಸನ

ಎರಡು ಔಟ್ ಇರುವ ಎಲ್‌ಎನ್‌ಬಿ ಬರುತ್ತದೆ, ಅದನ್ನು ಹಾಕಿದರೆ ಒಂದೇ ಡಿಶ್ಶಿಗೆ ಎರಡು ಬಾಕ್ಸ್. ಅವರು ಅವರಿಗೆ ಬೇಕಾದ ಚಾನೆಲ್, ನೀವು ನಿಮಗೆ ಬೇಕಾದದ್ದು ನೋಡಬಹುದು. ಆದರೆ ನಡುವೆ ತೋಟ ಇದೆ ಅಂದಿದ್ದೀರಿ. ವೈರ್ 30 ಮೀಟರ್ ದಾಟಿದರೆ ಸಿಗ್ನಲ್ ಕಡಿಮೆಯಾಗುತ್ತಾ ಹೋಗುತ್ತದೆ, ಅಡಿಕೆ ಸೋಗೆ ಬಿದ್ದರೆ ವೈರೂ ಕಿತ್ತುಹೋಗುತ್ತದೆ. ದೊಡ್ಡಮ್ಮನ ಮನೆ ಅದಕ್ಕಿಂತ ದೂರ ಇದ್ದರೆ ಅವರಿಗೆ ಬೇರೆ ಡಿಶ್ಶೇ ಹಾಕಿಸಿ. ಅವರ ಟಿವಿಯ ಹಿಂಭಾಗದ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.